ನಿಗಮನ ಸೂಚಕ ಪದಗಳು ಮತ್ತು ಜನಪದ ತರ್ಕ: ಇಂಗ್ಲಿಷಿನ ‘ದೇರ್‌ಫೋರ್’, ‘ಹೆನ್ಸ್’, ‘ದಸ್’, ‘ಸೋ’ಗಳನ್ನು ಕುರಿತು

ಒಂದು ಕಾರಣವನ್ನು ಹೇಳಿ ಅದರಿಂದ ಒಂದು ತೀರ್ಮಾನಕ್ಕೆ ಬರುವಾಗ ಎರಡರ ನಡುವೆ ನಿಲ್ಲುವ ಪದಗಳು ಎಲ್ಲ ಭಾಷೆಗಳಲ್ಲಿಯೂ ಇವೆ. ಅರ್ಥಭಾರವಿಲ್ಲದ ಅವ್ಯಯಗಳೆಂದು ವ್ಯಾಕರಣಗಳು ಇವುಗಳನ್ನು ಒಂದೆರಡು ಸಾಲುಗಳಲ್ಲಿ ಮುಗಿಸುವುದುಂಟು. ಭಾರತೀಯ ನ್ಯಾಯದರ್ಶನವಾದರೋ ಅನುಮಾನ ವಾಕ್ಯದ ಐದನೆಯ ಅವಯವಕ್ಕೆ ‘ನಿಗಮನ’ವೆಂದು ಹೆಸರಿಟ್ಟು, ಅದರ ಮೊದಲಿಗೆ ‘ತಸ್ಮಾತ್’ ಎಂಬ ಪದವನ್ನು ಕೂರಿಸಿ, ಆ ಪದಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿದೆ. ಇಂಗ್ಲಿಷಿನಲ್ಲಿ ಈ ಕಾರ್ಯವನ್ನು ನಿರ್ವಹಿಸುವ ‘ದೇರ್‌ಫೋರ್’, ‘ಹೆನ್ಸ್’, ‘ದಸ್’, ‘ಸೋ’, ‘ಕಾನ್ಸಿಕ್ವೆಂಟ್ಲಿ’ ಮೊದಲಾದ ಪದಗಳ ಅರ್ಥ ಮತ್ತು ಬಳಕೆಯನ್ನು ಜಾನಪದ ಅಧ್ಯಯನದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕನ್ನಡದ ಸಂಶೋಧನ ಗದ್ಯವು ಇಂಗ್ಲಿಷ್ ಗ್ರಂಥಗಳ ಓದಿನ ನೆರಳಿನಲ್ಲಿ ಬೆಳೆದಿರುವುದರಿಂದ ಈ ಪರಿಶೀಲನೆ ಕೇವಲ ಪರಭಾಷೆಯ ವಿಚಾರವಾಗಿ ಉಳಿಯುವುದಿಲ್ಲ.

ಮೊದಲಿಗೆ ಪದಗಳ ಹುಟ್ಟನ್ನು ಗಮನಿಸಬಹುದು. ‘ದೇರ್‌ಫೋರ್’ ಎಂಬುದು ‘ಅಲ್ಲಿ’ ಮತ್ತು ‘ಗಾಗಿ’ ಎಂಬ ಅರ್ಥದ ಎರಡು ಅಚ್ಚ ಇಂಗ್ಲಿಷ್ ಪದಗಳು ಕೂಡಿ ಆದ ಸಮಾಸ, ಮೂಲಾರ್ಥ ‘ಅದಕ್ಕಾಗಿ’. ಇದರ ಪ್ರಶ್ನಾರೂಪವೇ ‘ವೇರ್‌ಫೋರ್’, ಎಂದರೆ ‘ಏತಕ್ಕಾಗಿ’. ಶೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದಲ್ಲಿ ನಾಯಕಿ ಈ ಪದವನ್ನು ಬಳಸಿ ‘ನೀನು ರೋಮಿಯೋ ಆದದ್ದು ಏತಕ್ಕೆ’ ಎಂದು ಹಲುಬುವುದನ್ನು ‘ನೀನು ಎಲ್ಲಿರುವೆ’ ಎಂದು ತಪ್ಪಾಗಿ ಗ್ರಹಿಸುವವರು ಇಂಗ್ಲಿಷ್ ಬಲ್ಲವರಲ್ಲಿಯೂ ಕಡಿಮೆಯಿಲ್ಲ. ‘ಹೆನ್ಸ್’ ಎಂಬುದು ‘ಇಲ್ಲಿಂದ’ ಎಂಬ ಸ್ಥಳವಾಚಿಯಾಗಿದ್ದು, ಅನಂತರ ‘ಇಂದಿನಿಂದ’ ಎಂಬ ಕಾಲವಾಚಿಯಾಗಿ, ಕೊನೆಗೆ ‘ಇದರಿಂದ’ ಎಂಬ ಹೇತುವಾಚಿಯಾಗಿ ಬೆಳೆದಿದೆ. ಪದದೊಳಗೇ ಪಂಚಮಿಯ ಅರ್ಥ ಅಡಗಿರುವುದರಿಂದ ಅದರ ಹಿಂದೆ ಮತ್ತೊಮ್ಮೆ ‘ಫ್ರಮ್’ ಸೇರಿಸುವುದು ತಪ್ಪೆಂದು ಸ್ಯಾಮ್ಯುಯೆಲ್ ಜಾನ್ಸನ್ ತನ್ನ 1755ರ ನಿಘಂಟಿನಲ್ಲಿ ಎಚ್ಚರಿಸಿದ್ದಾನೆ. ಪದದ ಮೂಲಶಕ್ತಿ ಜನರಿಗೆ ಮರೆತುಹೋದುದೇ ಈ ದೋಷಕ್ಕೆ ಕಾರಣವೆಂದು ಅವನ ಅಭಿಪ್ರಾಯ. ‘ದಸ್’ ಎಂಬುದಕ್ಕೆ ಮೂಲಾರ್ಥ ‘ಈ ಬಗೆಯಲ್ಲಿ’, ‘ಸೋ’ ಎಂಬುದಕ್ಕೆ ‘ಆ ಬಗೆಯಲ್ಲಿ’ ಅಥವಾ ‘ಹಾಗೆ’.

ಇಲ್ಲಿ ಕನ್ನಡ ಓದುಗರಿಗೆ ಒಂದು ಸಾಮ್ಯ ತಟ್ಟನೆ ಹೊಳೆಯುತ್ತದೆ. ಎಲ್ಲಿ–ಅಲ್ಲಿ–ಇಲ್ಲಿ, ಎಲ್ಲಿಂದ–ಅಲ್ಲಿಂದ–ಇಲ್ಲಿಂದ, ಏತಕ್ಕೆ–ಅದಕ್ಕೆ–ಇದಕ್ಕೆ ಎಂಬ ಸರಣಿಯಂತೆಯೇ ಇಂಗ್ಲಿಷಿನಲ್ಲಿ ‘ವೇರ್–ದೇರ್–ಹಿಯರ್’, ‘ವೆನ್ಸ್–ದೆನ್ಸ್–ಹೆನ್ಸ್’ ಎಂಬ ಸರಣಿಗಳಿವೆ. ಎರಡೂ ಭಾಷೆಗಳು ಕಾರಣದ ಸಂಬಂಧವನ್ನು ಬೆರಳು ಮಾಡಿ ತೋರಿಸುವ ಸರ್ವನಾಮಗಳಿಂದಲೇ ಕಟ್ಟಿಕೊಂಡಿವೆ. ಆದರೆ ಕನ್ನಡ ಇನ್ನೊಂದು ದಾರಿಯನ್ನೂ ಹಿಡಿದಿದೆ. ‘ಆದ್ದರಿಂದ’, ‘ಆದಕಾರಣ’, ‘ಹಾಗಾಗಿ’, ‘ಹಾಗಾದರೆ’ ಎಂಬವು ‘ಆಗು’ ಧಾತುವಿನಿಂದಲೂ, ‘ಅಂದರೆ’, ‘ಅಂದಮೇಲೆ’ ಎಂಬವು ‘ಅನ್ನು’ ಧಾತುವಿನಿಂದಲೂ ಬಂದವು. ಇಂಗ್ಲಿಷಿನ ತೀರ್ಮಾನ ಒಂದು ಜಾಗದಿಂದ ಹೊರಟು ಬರುತ್ತದೆ. ಕನ್ನಡದ ತೀರ್ಮಾನ ಒಂದು ಆಗುವಿಕೆಯಿಂದ ಅಥವಾ ಒಂದು ಹೇಳಿಕೆಯಿಂದ ಬರುತ್ತದೆ. ಈ ಎರಡನೆಯ ವ್ಯತ್ಯಾಸದ ಮಹತ್ವ ಮುಂದೆ ಸ್ಪಷ್ಟವಾಗುತ್ತದೆ.

ಲ್ಯಾಟಿನ್ ಮೂಲದ ‘ಕಾನ್ಸಿಕ್ವೆಂಟ್ಲಿ’ಯಂಥವು ವಿದ್ವತ್ತಿನ ಮತ್ತು ನ್ಯಾಯಾಲಯದ ದಾರಿಯಿಂದ ಬಂದವು; ಅವುಗಳ ಬಗೆಗೆ ಇಲ್ಲಿ ವಿಸ್ತಾರ ಬೇಕಿಲ್ಲ. ಲ್ಯಾಟಿನ್ನಿನ ‘ಎರ್ಗೋ’ವನ್ನು ಮಾತ್ರ ಬಿಡುವಂತಿಲ್ಲ. ದೆಕಾರ್ತನ ಪ್ರಸಿದ್ಧ ಸೂತ್ರ 1637ರಲ್ಲಿ ಫ್ರೆಂಚಿನಲ್ಲಿಯೂ 1644ರಲ್ಲಿ ಲ್ಯಾಟಿನ್ನಿನಲ್ಲಿಯೂ ಪ್ರಕಟವಾದ ಮೇಲೆ ಈ ಪುಟ್ಟ ಪದ ತತ್ತ್ವಶಾಸ್ತ್ರದ ಲಾಂಛನವೇ ಆಯಿತು. ಅದಕ್ಕೂ ಮೊದಲೇ ಅದು ಜನಸಾಮಾನ್ಯರ ನಗೆಗೆ ವಸ್ತುವಾಗಿತ್ತೆಂಬುದು ಜಾನಪದ ವಿದ್ವಾಂಸರಿಗೆ ಹೆಚ್ಚು ಕುತೂಹಲದ ಸಂಗತಿ. ‘ಹ್ಯಾಮ್ಲೆಟ್’ ನಾಟಕದ ಐದನೆಯ ಅಂಕದಲ್ಲಿ ಗೋರಿ ತೋಡುವವನೊಬ್ಬ, ನೀರಿನಲ್ಲಿ ಸತ್ತವಳು ತಾನೇ ಬಿದ್ದಳೋ ನೀರೇ ಅವಳ ಬಳಿಗೆ ಬಂತೋ ಎಂದು ವಕೀಲರ ಧಾಟಿಯಲ್ಲಿ ವಾದಿಸುತ್ತ, ಪ್ರತಿ ತೀರ್ಮಾನಕ್ಕೂ ‘ಆರ್ಗಲ್’ ಎನ್ನುತ್ತಾನೆ. ಅದು ‘ಎರ್ಗೋ’ವಿನ ಅಪಭ್ರಂಶ. ಕಾಲಾನಂತರದಲ್ಲಿ ಆ ರೂಪವೇ ಒರಟು ತರ್ಕಕ್ಕೆ ಹೆಸರಾಗಿ ಇಂಗ್ಲಿಷ್ ನಿಘಂಟುಗಳನ್ನು ಸೇರಿದೆ. ಇದನ್ನು ಅಜ್ಞಾನಿಯ ತೊದಲೆಂದು ಮಾತ್ರ ಓದುವುದು ಸಾಲದು. ಪದವೊಂದನ್ನು ಎರವಲು ತಂದು ಉಚ್ಚರಿಸಿದ ಮಾತ್ರಕ್ಕೆ ವಾದ ಸಿದ್ಧವಾಗುತ್ತದೆಂದು ನಂಬಿದ ನ್ಯಾಯಾಲಯದ ಗತ್ತೇ ಅಲ್ಲಿ ಅಣಕಕ್ಕೆ ಗುರಿಯಾಗಿದೆ.

ಬಳಕೆಯ ದೃಷ್ಟಿಯಿಂದ ಈ ನಾಲ್ಕು ಪದಗಳು ಒಂದರ ಬದಲು ಮತ್ತೊಂದು ನಿಲ್ಲುವಂಥವಲ್ಲ. ‘ದೇರ್‌ಫೋರ್’ ತರ್ಕದ ಪದ. ಹಿಂದಿನ ಮಾತನ್ನು ಒಪ್ಪಿದವರು ಮುಂದಿನದನ್ನೂ ಒಪ್ಪಲೇಬೇಕೆಂದು ಅದು ಕಟ್ಟುಪಾಡು ಹಾಕುತ್ತದೆ. ವ್ಯಾಕರಣದಲ್ಲಿ ಅದು ಸಂಯೋಜಕವಲ್ಲ, ಕ್ರಿಯಾವಿಶೇಷಣ. ಎರಡು ಪೂರ್ಣವಾಕ್ಯಗಳ ನಡುವೆ ಅದು ಬಂದಾಗ ಹಿಂದೆ ಅರ್ಧವಿರಾಮವನ್ನೋ ಪೂರ್ಣವಿರಾಮವನ್ನೋ ಬೇಡುವುದೂ, ಮುಂದಿನ ವಾಕ್ಯದ ಕರ್ತೃಪದದ ಬಳಿಕ ನಡುವೆ ಬಂದು ಕೂರಬಲ್ಲುದೂ ಇದರಿಂದಲೇ. ‘ಸೋ’ ಹಾಗೆ ಅಲೆದಾಡಲಾರದು. ಅದು ವಾಕ್ಯದ ಮೊದಲಲ್ಲೇ ನಿಲ್ಲಬೇಕು, ಅಲ್ಪವಿರಾಮವೊಂದೇ ಅದಕ್ಕೆ ಸಾಕು. ‘ಹೆನ್ಸ್’ ಮಾತ್ರ ಕ್ರಿಯಾಪದವಿಲ್ಲದ ನಾಮಪದವನ್ನೂ ಹೊತ್ತು ನಡೆಯುತ್ತದೆ. ಕರ್ನಾಟಕದ ಸರ್ಕಾರಿ ಆದೇಶಗಳಲ್ಲಿ ಪ್ರಸ್ತಾವನೆ ಮುಗಿದೊಡನೆ ಬರುವ ‘ಆದ್ದರಿಂದ ಈ ಆದೇಶ’ ಎಂಬ ಕ್ರಿಯಾಪದರಹಿತ ವಾಕ್ಯ ಇಂಗ್ಲಿಷಿನ ಇಂಥದೇ ‘ಹೆನ್ಸ್’ ಪ್ರಯೋಗದ ಪಡಿಯಚ್ಚು. ಕಾನೂನು ಬರವಣಿಗೆಯಲ್ಲಿ ಕೊನೆಯ ‘ಇ’ ಅಕ್ಷರವಿಲ್ಲದ ಮತ್ತೊಂದು ‘ದೇರ್‌ಫೋರ್’ ಉಂಟು. ಅದಕ್ಕೆ ‘ಆ ವಸ್ತುವಿಗಾಗಿ’ ಎಂದಷ್ಟೇ ಅರ್ಥ, ತೀರ್ಮಾನದ ಸೋಂಕು ಅದಕ್ಕಿಲ್ಲ.

‘ದಸ್’ ಹೆಚ್ಚು ತೊಡಕಿನ ಪದ. ಅದು ‘ಹೀಗೆ’ ಎಂದು ಹಿಂದಿನದನ್ನು ಬರಿದೇ ತೋರಿಸಲೂಬಹುದು, ‘ಆದ್ದರಿಂದ’ ಎಂದು ಹೊಸದನ್ನು ಸ್ಥಾಪಿಸಲೂಬಹುದು. ಎರಡು ಅರ್ಥಗಳ ನಡುವಿನ ಈ ಗಡಿಯಲ್ಲಿ ಕಳ್ಳದಾರಿಯೊಂದಿದೆ. ಉದಾಹರಣೆಗಳನ್ನು ಪೇರಿಸಿ, ಕೊನೆಗೆ ‘ದಸ್’ ಎಂದು ಆರಂಭಿಸುವ ಲೇಖಕ ತಾನು ಸಂಗ್ರಹಿಸಿ ಹೇಳುತ್ತಿದ್ದಾನೆಯೋ ಸಾಧಿಸಿ ಹೇಳುತ್ತಿದ್ದಾನೆಯೋ ಎಂಬುದನ್ನು ಸ್ಪಷ್ಟಪಡಿಸಬೇಕಾದ ಹೊಣೆಯಿಂದ ನುಣುಚಿಕೊಳ್ಳುತ್ತಾನೆ. ಕನ್ನಡದ ಸಂಶೋಧನ ಗದ್ಯದಲ್ಲಿ ಅಧ್ಯಾಯದ ಕೊನೆಗೆ ಬರುವ ‘ಹೀಗೆ’ ಇದೇ ಗುಣವನ್ನು ಪಡೆದುಕೊಂಡಿದೆ. ಹತ್ತು ಪಾಠಗಳ ವಿವರಣೆಯ ಬಳಿಕ ‘ಹೀಗೆ ಈ ಸಮುದಾಯದಲ್ಲಿ ಮಾತೃಪ್ರಧಾನ ವ್ಯವಸ್ಥೆ ಇತ್ತು’ ಎಂದು ಬರೆದರೆ, ಆ ‘ಹೀಗೆ’ ಹೊತ್ತಿರುವ ಭಾರ ‘ಆದ್ದರಿಂದ’ದ ಭಾರವೇ, ಸಾಧನೆಯ ಹೊಣೆ ಮಾತ್ರ ಅದಕ್ಕಿಲ್ಲ.

ತೀರ್ಮಾನದ ಪದಗಳು ಎರಡು ಬೇರೆ ಬೇರೆ ಸಂಬಂಧಗಳನ್ನು ಸೂಚಿಸುತ್ತವೆಂಬುದನ್ನು ಭಾಷಾಶಾಸ್ತ್ರಜ್ಞೆ ಈವ್ ಸ್ವೀಟ್ಸರ್ 1990ರ ತಮ್ಮ ಗ್ರಂಥದಲ್ಲಿ ವಿವೇಚಿಸಿದ್ದಾರೆ. ಮಳೆ ಬಂತು, ‘ಸೋ’ ಜನ ಮನೆಯಲ್ಲೇ ಉಳಿದರು ಎಂಬಲ್ಲಿ ಲೋಕದ ಒಂದು ಘಟನೆ ಮತ್ತೊಂದಕ್ಕೆ ಕಾರಣ. ದೀಪ ಉರಿಯುತ್ತಿದೆ, ‘ಸೋ’ ಮನೆಯಲ್ಲಿ ಯಾರೋ ಇದ್ದಾರೆ ಎಂಬಲ್ಲಿ ಹಾಗಲ್ಲ. ದೀಪವು ಜನರನ್ನು ಮನೆಗೆ ಕರೆತಂದಿಲ್ಲ, ದೀಪವನ್ನು ಕಂಡವನ ಅರಿವು ಜನರಿದ್ದಾರೆಂಬ ನಂಬಿಕೆಗೆ ಕಾರಣವಾಗಿದೆ. ಇಂಗ್ಲಿಷ್ ಎರಡಕ್ಕೂ ಒಂದೇ ಪದವನ್ನು ಬಳಸುತ್ತದೆ. ಆಡುಗನ್ನಡ ಬಹುಮಟ್ಟಿಗೆ ಇವನ್ನು ಬೇರ್ಪಡಿಸುತ್ತದೆ: ಮೊದಲನೆಯದಕ್ಕೆ ‘ಮಳೆ ಬಂತು, ಅದಕ್ಕೇ ಮನೆಯಲ್ಲೇ ಉಳಿದರು’, ಎರಡನೆಯದಕ್ಕೆ ‘ದೀಪ ಉರಿಯುತ್ತಿದೆ ಅಂದಮೇಲೆ ಯಾರೋ ಇರಬೇಕು’. ಎರಡನೆಯದರಲ್ಲಿ ‘ಅನ್ನು’ ಧಾತುವೂ ‘ಬೇಕು’ ಎಂಬ ಸಂಭಾವನಾರ್ಥವೂ ಸೇರಿ, ಇದು ಊಹೆಯೇ ಹೊರತು ಕಂಡದ್ದಲ್ಲವೆಂದು ಸಾರುತ್ತವೆ. ‘ದೀಪ ಉರಿಯುತ್ತಿದೆ, ಅದಕ್ಕೇ ಯಾರೋ ಇದ್ದಾರೆ’ ಎಂದರೆ ಹಳ್ಳಿಯ ಕಿವಿಗೆ ಅದು ಮಾತೇ ಅಲ್ಲ. ಎಲ್ಲವನ್ನೂ ‘ಆದ್ದರಿಂದ’ವೊಂದರಿಂದಲೇ ನಿಭಾಯಿಸುವ ಶಿಷ್ಟ ಗದ್ಯವು ಆಡುಮಾತಿನಲ್ಲಿದ್ದ ಈ ವಿವೇಕವನ್ನು ಕೈಬಿಟ್ಟಿದೆಯೆಂದೇ ಹೇಳಬೇಕು.

ತೀರ್ಮಾನದ ಪದಕ್ಕೆ ಬಲ ಎಲ್ಲಿಂದ ಬರುತ್ತದೆ ಎಂಬುದು ಮುಂದಿನ ಪ್ರಶ್ನೆ. ಸ್ಟೀಫನ್ ಟೂಲ್ಮಿನ್ ‘ದಿ ಯೂಸಸ್ ಆಫ್ ಆರ್ಗ್ಯುಮೆಂಟ್’ ಎಂಬ 1958ರ ಗ್ರಂಥದಲ್ಲಿ, ಆಧಾರಾಂಶದಿಂದ ಪ್ರತಿಪಾದನೆಗೆ ಹೋಗುವ ದಾರಿಯಲ್ಲಿ ‘ಸೋ’ ಎಂಬ ಪದವನ್ನಿಟ್ಟು, ಆ ದಾರಿಗೆ ಪರವಾನಗಿ ಕೊಡುವ ಸಾಮಾನ್ಯ ನಿಯಮವೊಂದು ಕೆಳಗಿನಿಂದ ಆಧಾರವಾಗಿ ನಿಂತಿರುತ್ತದೆಂದು ತೋರಿಸಿದರು. ಜನಪದರ ಮಾತಿನಲ್ಲಿ ಈ ಪರವಾನಗಿಯ ಸ್ಥಾನದಲ್ಲಿ ನಿಲ್ಲುವುದು ಸಾಮಾನ್ಯವಾಗಿ ಗಾದೆ. ಬೆಂಕಿಯಿಲ್ಲದೆ ಹೊಗೆಯಿಲ್ಲವೆಂಬ ಗಾದೆ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಉಂಟು. ನ್ಯಾಯಶಾಸ್ತ್ರದ ಬೆಟ್ಟದ ಮೇಲಿನ ಹೊಗೆಯ ದೃಷ್ಟಾಂತವೂ ಇದೇ. ಆದರೆ ನೈಯಾಯಿಕ ಹೊಗೆಗೂ ಬೆಂಕಿಗೂ ಇರುವ ವ್ಯಾಪ್ತಿಯನ್ನು ಅಡುಗೆಮನೆಯ ಉದಾಹರಣೆ ಕೊಟ್ಟು ಸ್ಥಾಪಿಸಬೇಕು. ಗಾದೆಯನ್ನಾಡುವವನು ಹಾಗೆ ಮಾಡಬೇಕಿಲ್ಲ. ಒಬ್ಬರ ಬಗ್ಗೆ ಊರಿನಲ್ಲಿ ಮಾತೆದ್ದಿತೆಂದರೆ, ಗಾದೆಯನ್ನು ಉಚ್ಚರಿಸಿದೊಡನೆ ಮಾತು ಹೊಗೆಯಾಗುತ್ತದೆ, ಆರೋಪ ಬೆಂಕಿಯಾಗುತ್ತದೆ. ಅಲ್ಲಿ ‘ಆದ್ದರಿಂದ’ವನ್ನು ಯಾರೂ ಬಾಯಿಬಿಟ್ಟು ಹೇಳಿರುವುದೇ ಇಲ್ಲ.

ಹೇಳದೆಯೇ ಹೇಳಿಸುವ ಈ ಶಕ್ತಿ ಕಥನಕ್ಕೆ ಇನ್ನೂ ಹೆಚ್ಚು. ಮೌಖಿಕ ನಿರೂಪಣೆಯಲ್ಲಿ ವಾಕ್ಯಗಳ ಕ್ರಮವೇ ಘಟನೆಗಳ ಕ್ರಮವೆಂದು ಕೇಳುಗರು ಗ್ರಹಿಸುತ್ತಾರೆಂಬುದನ್ನು ವಿಲಿಯಂ ಲಬಾವ್ ಮತ್ತು ಜೋಶುವಾ ವಾಲೆಟ್ಸ್ಕಿ 1967ರಲ್ಲಿ ನಿರೂಪಿಸಿದರು. ಕ್ರಮದಿಂದ ಕಾರಣಕ್ಕೆ ಒಂದೇ ಹೆಜ್ಜೆ. ‘ಇದಾದ ಮೇಲೆ, ಆದ್ದರಿಂದ ಇದರಿಂದಲೇ’ ಎಂಬ ತರ್ಕದೋಷವನ್ನು ಸೂಚಿಸುವ ಲ್ಯಾಟಿನ್ ಸೂತ್ರದ ನಡುವೆಯೂ ‘ಎರ್ಗೋ’ ಕುಳಿತಿರುವುದು ಗಮನಾರ್ಹ. ಈ ಹೆಜ್ಜೆ ಎಷ್ಟು ದುಬಾರಿಯಾಗಬಲ್ಲುದೆಂಬುದಕ್ಕೆ ಇಂಗ್ಲೆಂಡಿನ ಮಾಟಗಾತಿಯರ ವಿಚಾರಣೆಗಳು ಸಾಕ್ಷಿ. 1612ರ ಮಾರ್ಚ್ 18ರಂದು ಲ್ಯಾಂಕಷೈರಿನಲ್ಲಿ ಅಲಿಜಾನ್ ಡಿವೈಸ್ ಎಂಬ ತಿರುಪೆಯ ಹುಡುಗಿ ಜಾನ್ ಲಾ ಎಂಬ ಅಲೆಮಾರಿ ವ್ಯಾಪಾರಿಯಲ್ಲಿ ಗುಂಡುಸೂಜಿಗಳನ್ನು ಕೇಳಿದಳು. ಅವನು ಕೊಡಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅವನು ಕುಸಿದುಬಿದ್ದ. ಇಂದಿನ ಓದುಗರು ಅದನ್ನು ಪಾರ್ಶ್ವವಾಯುವೆಂದು ಗುರುತಿಸುತ್ತಾರೆ. ಕೇಳಿದ್ದು, ನಿರಾಕರಿಸಿದ್ದು, ಬಿದ್ದದ್ದು: ಈ ಮೂರು ಕ್ರಿಯಾಪದಗಳ ನಡುವೆ ಸಂಯೋಜಕವೇ ಬೇಕಾಗಲಿಲ್ಲ. ಶಪಿಸಿದೆನೆಂದು ಆ ಹುಡುಗಿಯೇ ನಂಬಿ ಕ್ಷಮೆ ಬೇಡಿದಳು. ಒಂದು ಹೇಳಿಕೆ ಮತ್ತೊಂದಕ್ಕೆ ದಾರಿಯಾಗಿ, ಅದೇ ವರ್ಷ ಆಗಸ್ಟ್ 20ರಂದು ಅವಳೂ ಸೇರಿ ಹತ್ತು ಜನರನ್ನು ಲ್ಯಾಂಕಾಸ್ಟರಿನಲ್ಲಿ ಗಲ್ಲಿಗೇರಿಸಲಾಯಿತು. ನ್ಯಾಯಾಲಯದ ಗುಮಾಸ್ತ ಥಾಮಸ್ ಪಾಟ್ಸ್ 1613ರಲ್ಲಿ ಪ್ರಕಟಿಸಿದ ವರದಿಯಿಂದ ಈ ಪ್ರಕರಣ ವಿವರವಾಗಿ ತಿಳಿದುಬರುತ್ತದೆ.

ಇಂಥ ಆರೋಪಗಳ ಸಾಮಾಜಿಕ ವಿನ್ಯಾಸವನ್ನು ಅಲನ್ ಮ್ಯಾಕ್‌ಫರ್ಲೇನ್ 1970ರಲ್ಲಿ, ಕೀತ್ ಥಾಮಸ್ 1971ರಲ್ಲಿ ವಿಶ್ಲೇಷಿಸಿದರು. ಬಡ ನೆರೆಯಾಕೆ ಏನನ್ನೋ ಬೇಡುತ್ತಾಳೆ, ಮನೆಯವರು ಇಲ್ಲವೆನ್ನುತ್ತಾರೆ, ಅವಳು ಗೊಣಗುತ್ತ ಹೋಗುತ್ತಾಳೆ, ಮನೆಯಲ್ಲಿ ಹಸುವೋ ಮಗುವೋ ಸಾಯುತ್ತದೆ. ದಾನ ನಿರಾಕರಿಸಿದವರ ಅಳುಕೇ ಆರೋಪವಾಗಿ ತಿರುಗುತ್ತದೆಂಬುದು ಅವರ ವಿವರಣೆ. ಇದರ ತರ್ಕವನ್ನು ಸಮಕಾಲೀನರು ಪ್ರಶ್ನಿಸಿರಲಿಲ್ಲವೆಂದಲ್ಲ. ಕೆಂಟ್ ಪ್ರಾಂತ್ಯದ ರೆಜಿನಾಲ್ಡ್ ಸ್ಕಾಟ್ 1584ರಲ್ಲೇ ‘ದಿ ಡಿಸ್ಕವರಿ ಆಫ್ ವಿಚ್‌ಕ್ರಾಫ್ಟ್’ ಎಂಬ ಗ್ರಂಥ ಬರೆದು, ಆರೋಪಕ್ಕೊಳಗಾಗುತ್ತಿದ್ದವರು ಬಹುತೇಕ ಮುದಿ ಬಡ ಹೆಂಗಸರೆಂದೂ ರೋಗಕ್ಕೆ ಸಹಜ ಕಾರಣಗಳಿವೆಯೆಂದೂ ವಾದಿಸಿದ್ದ. ಕಾಯಿದೆ ರದ್ದಾದದ್ದು 1736ರಲ್ಲಿ. ಅನಕ್ಷರಸ್ಥರ ಮೌಢ್ಯವೆಂದು ಈ ಪ್ರಕರಣಗಳನ್ನು ತಳ್ಳಿಹಾಕುವವರು, ಹಳ್ಳಿಯವರ ಕಥನದಲ್ಲಿ ಇಲ್ಲದ ‘ದೇರ್‌ಫೋರ್’ ಅನ್ನು ಸೇರಿಸಿ ಮರಣದಂಡನೆಯಾಗಿಸಿದ್ದು ಅಕ್ಷರಸ್ಥ ನ್ಯಾಯಾಧೀಶರೆಂಬುದನ್ನು ಮರೆಯಬಾರದು.

ಕಾರಣಮಾಲೆಯನ್ನು ಜನಪದರು ವಿವೇಕದಿಂದಲೂ ಬಳಸಿದ್ದಾರೆ. ಒಂದು ಮೊಳೆಯ ಕೊರತೆಯಿಂದ ಲಾಳ, ಲಾಳದಿಂದ ಕುದುರೆ, ಕುದುರೆಯಿಂದ ಸವಾರ ಹೋದ ಗಾದೆ ಜಾರ್ಜ್ ಹರ್ಬರ್ಟನ 1640ರ ಸಂಗ್ರಹದಲ್ಲಿದೆ. ಬೆಂಜಮಿನ್ ಫ್ರಾಂಕ್ಲಿನ್ ಅದನ್ನು 1758ರ ತನ್ನ ಪಂಚಾಂಗದಲ್ಲಿ ಬಳಸಿಕೊಂಡ. ಮುಂದೆ ಅದು ರಾಜ್ಯನಾಶದವರೆಗೂ ಬೆಳೆದು ಮಕ್ಕಳ ಪದ್ಯವಾಯಿತು. ಇಲ್ಲಿ ‘ಸೋ’ ಆಗಲಿ ‘ದೇರ್‌ಫೋರ್’ ಆಗಲಿ ಇಲ್ಲ. ‘ಕೊರತೆಯಿಂದ’ ಎಂಬ ಹೇತುಪದದ ಪುನರಾವೃತ್ತಿಯೇ ಮಾಲೆಯ ದಾರ. ಪ್ರತಿ ಕೊಂಡಿಯನ್ನೂ ಬಿಡಿಯಾಗಿ ಎಣಿಸಿ ಹೇಳುವುದರಿಂದ ಯಾವ ಕೊಂಡಿ ದುರ್ಬಲವೆಂದು ಕೇಳುಗ ಪರೀಕ್ಷಿಸಬಲ್ಲ.

ಕಾರಣಕಥೆಗಳ ವಿಚಾರ ಬೇರೆ. ಶ್ರೀರಾಮ ಬೆನ್ನು ಸವರಿದ್ದರಿಂದ ಅಳಿಲಿಗೆ ಮೂರು ಗೆರೆ ಬಂದ ಕಥೆಯನ್ನು ಕನ್ನಡ ನಾಡಿನಲ್ಲಿ ಕೇಳದವರಿಲ್ಲ. ಕ್ರಿಸ್ತನ ಮುಳ್ಳಿನ ಗಾಯದ ರಕ್ತ ತಾಗಿ ರಾಬಿನ್ ಹಕ್ಕಿಯ ಎದೆ ಕೆಂಪಾಯಿತೆಂಬುದು ಇಂಗ್ಲೆಂಡಿನ ಐತಿಹ್ಯ. ಎರಡೂ ‘ಅದಕ್ಕೇ ಇವತ್ತಿಗೂ...’ ಎಂಬ ಧಾಟಿಯಲ್ಲಿ ಮುಗಿಯುತ್ತವೆ. ರುಡ್ಯಾರ್ಡ್ ಕಿಪ್ಲಿಂಗನ 1902ರ ‘ಜಸ್ಟ್ ಸೋ ಸ್ಟೋರೀಸ್’ ಈ ಧಾಟಿಯ ಶಿಷ್ಟ ಅನುಕರಣೆ. ಇಂಥ ಕಥೆಗಳು ವಿವರಣೆಗಾಗಿಯೇ ಹುಟ್ಟಿದವೆಂಬುದು ಹಿಂದಿನ ನಂಬಿಕೆಯಾಗಿತ್ತು. ಟಿ.ಟಿ. ವಾಟರ್‌ಮನ್ 1914ರಲ್ಲಿ ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಗಳನ್ನು ಹೋಲಿಸಿ ನೋಡಿದಾಗ, ಒಂದೇ ಕಥೆ ಬೇರೆ ಬೇರೆ ಕಡೆಗಳಲ್ಲಿ ಬೇರೆ ಬೇರೆ ವಿವರಣೆಗಳನ್ನು ಹೊತ್ತಿರುವುದು, ಕೆಲವು ಕಡೆ ವಿವರಣೆಯೇ ಇಲ್ಲದಿರುವುದು ಕಂಡುಬಂತು. ಕಥೆ ಮೊದಲು, ವಿವರಣೆ ಅನಂತರ ಅಂಟಿದ್ದು ಎಂದು ಅವರು ನಿರ್ಣಯಿಸಿದರು. ತೀರ್ಮಾನದ ಪದ ಇಲ್ಲಿ ತರ್ಕದ ಕೊನೆಯಲ್ಲ. ಕಥೆಯನ್ನು ಕೇಳುಗರ ಅಂಗಳಕ್ಕೆ ತಂದು ನಿಲ್ಲಿಸುವ ಮುಕ್ತಾಯದ ಸೂತ್ರ. ಸ್ಥಳಪುರಾಣಗಳಲ್ಲಿ ಊರಿನ ಹೆಸರಿನ ನಿಷ್ಪತ್ತಿಯೊಡನೆ ಬರುವ ‘ಅದಕ್ಕೇ’ಯನ್ನು ಚಾರಿತ್ರಿಕ ಹೇತುವೆಂದು ಓದುವವರು ಈ ಅಂಶವನ್ನು ಲಕ್ಷ್ಯದಲ್ಲಿಟ್ಟುಕೊಳ್ಳುವುದು ಒಳಿತು.

ಜನಪದರಿಗಿಂತ ಜಾನಪದ ವಿದ್ವಾಂಸರೇ ಈ ಪದಗಳಿಗೆ ಹೆಚ್ಚು ಬಲಿಬಿದ್ದಿದ್ದಾರೆಂದರೆ ಅತಿಶಯೋಕ್ತಿಯಾಗದು. ಮ್ಯಾಕ್ಸ್ ಮುಲ್ಲರ್ 1856ರ ‘ಕಂಪ್ಯಾರಟಿವ್ ಮಿಥಾಲಜಿ’ ಪ್ರಬಂಧದಲ್ಲಿ ಗ್ರೀಕ್ ಪುರಾಣಗಳ ಹೆಸರುಗಳನ್ನು ಸಂಸ್ಕೃತ ಪದಗಳೊಡನೆ ಹೋಲಿಸಿ, ಅವೆಲ್ಲ ಮೂಲದಲ್ಲಿ ಸೂರ್ಯ ಮತ್ತು ಉಷಸ್ಸಿನ ವರ್ಣನೆಗಳೆಂದು ಪ್ರತಿಪಾದಿಸಿದರು. ದಾಫ್ನೆ ಎಂಬ ಹೆಸರು ‘ಅಹನಾ’ ಎಂಬುದಕ್ಕೆ ಸಂವಾದಿ. ಅಹನಾ ಎಂದರೆ ಉಷಸ್ಸು. ಆದ್ದರಿಂದ ದಾಫ್ನೆ ಉಷಸ್ಸು. ಆದ್ದರಿಂದ ಅಪೊಲೊ ಅವಳನ್ನು ಅಟ್ಟಿದ್ದು ಸೂರ್ಯೋದಯ. ಮೊದಲ ಕೊಂಡಿಯೇ ‘ಸಂವಾದಿಯಿರಬಹುದು’ ಎಂಬಷ್ಟು ಬಲದ್ದು. ಸಂಭವ ಎಂಬುದು ಪ್ರತಿ ‘ದೇರ್‌ಫೋರ್’ನಲ್ಲಿಯೂ ಕುಗ್ಗಬೇಕಾಗಿದ್ದುದು ಈ ವಿಧಾನದಲ್ಲಿ ಹಿಗ್ಗುತ್ತ ಹೋಯಿತು. 1870ರಲ್ಲಿ ಆರ್.ಎಫ್. ಲಿಟಲ್‌ಡೇಲ್ ‘ದಿ ಆಕ್ಸ್‌ಫರ್ಡ್ ಸೋಲಾರ್ ಮಿಥ್’ ಎಂಬ ವಿಡಂಬನೆಯಲ್ಲಿ ಅದೇ ವಿಧಾನವನ್ನು ಚಾಚೂತಪ್ಪದೆ ಅನುಸರಿಸಿ, ಮ್ಯಾಕ್ಸ್ ಮುಲ್ಲರ್ ಎಂಬ ವ್ಯಕ್ತಿಯೇ ಇಲ್ಲ, ಅದೊಂದು ಸೂರ್ಯಪುರಾಣವೆಂದು ಸಾಧಿಸಿ ತೋರಿಸಿದರು. ಆಂಡ್ರೂ ಲ್ಯಾಂಗ್‌ರ ದೀರ್ಘಕಾಲದ ಖಂಡನೆಯಷ್ಟೇ ಪರಿಣಾಮಕಾರಿಯಾದ ವಿಮರ್ಶೆ ಈ ನಗೆಬರಹದಲ್ಲಿದೆ. ಇಡೀ ಪ್ರಕರಣದ ಚರಿತ್ರೆಯನ್ನು ರಿಚರ್ಡ್ ಡಾರ್ಸನ್ 1955ರ ತಮ್ಮ ಲೇಖನದಲ್ಲಿ ಸೊಗಸಾಗಿ ನಿರೂಪಿಸಿದ್ದಾರೆ.

ಓದುಗರು ಇಂಥ ಸರಣಿಗಳಿಗೆ ಒಲಿಯುವುದೇಕೆಂಬುದಕ್ಕೆ ಎಚ್.ಪಿ. ಗ್ರೈಸ್ ತಮ್ಮ 1967ರ ಉಪನ್ಯಾಸದಲ್ಲಿ, 1975ರಲ್ಲಿ ಅಚ್ಚಾದ ರೂಪದಲ್ಲಿ, ಸುಳಿವು ನೀಡಿದ್ದಾರೆ. ಒಬ್ಬನು ಇಂಗ್ಲಿಷಿನವನು, ‘ದೇರ್‌ಫೋರ್’ ಅವನು ಧೀರ ಎಂಬಂಥ ಮಾತಿನಲ್ಲಿ ಎರಡು ಹೇಳಿಕೆಗಳಿವೆ: ಅವನು ಇಂಗ್ಲಿಷಿನವನು, ಅವನು ಧೀರ. ಒಂದರಿಂದ ಮತ್ತೊಂದು ಬರುತ್ತದೆಂಬುದು ನೇರವಾಗಿ ‘ಹೇಳಿದ್ದಲ್ಲ’, ಪದದ ರೂಢಾರ್ಥದಿಂದ ಸೂಚಿತವಾದದ್ದು. ಹೇಳಿದ ಎರಡೂ ನಿಜವಾಗಿದ್ದರೆ ಮಾತು ಸುಳ್ಳೆಂದು ತಳ್ಳಿಹಾಕುವುದು ಕಷ್ಟ. ಸೂಚಿಸಿದ ಸಂಬಂಧ ಪರೀಕ್ಷೆಗೆ ಸಿಗದೆ ಒಳಗೆ ನುಸುಳುತ್ತದೆ. ಜಾತಿ, ಕುಲ, ಪ್ರದೇಶಗಳ ಹೆಸರಿನೊಡನೆ ಗುಣವನ್ನು ಗಂಟುಹಾಕುವ ಗಾದೆಗಳ ಮತ್ತು ವಸಾಹತು ಕಾಲದ ಜನಾಂಗವರ್ಣನೆಗಳ ವಾಕ್ಯರಚನೆ ಬಹುಮಟ್ಟಿಗೆ ಇದೇ.

‘ಸೋ’ ಪದದ ಆಧುನಿಕ ಬಳಕೆ ಇದಕ್ಕಿಂತ ಭಿನ್ನವಾದ ದಿಕ್ಕಿನಲ್ಲಿ ಸಾಗಿದೆ. ಸಂಭಾಷಣೆಯ ಸೂಚಕ ಪದಗಳನ್ನು ಕುರಿತ 1987ರ ಗ್ರಂಥದಲ್ಲಿ ಡೆಬೊರಾ ಶಿಫ್ರಿನ್, ಇದು ಫಲಿತವನ್ನು ಸೂಚಿಸುವುದರ ಜೊತೆಗೆ ಮಾತಿನ ಸರದಿಯನ್ನು ಎದುರಿನವರಿಗೆ ಬಿಟ್ಟುಕೊಡುವ ಸಂಜ್ಞೆಯಾಗಿಯೂ ವರ್ತಿಸುವುದನ್ನು ತೋರಿಸಿದರು. ಕಾರಣವೇ ಇಲ್ಲದೆ ಮಾತಿನ ಆರಂಭಕ್ಕೆ ‘ಸೋ’ ಬರುವುದನ್ನು ಇಂದಿನ ಹುಡುಗರ ಚಾಳಿಯೆಂದು ಹಳಿಯುವವರಿದ್ದಾರೆ. ಐರ್ಲೆಂಡಿನ ಕವಿ ಷೇಮಸ್ ಹೀನಿ 1999ರಲ್ಲಿ ‘ಬೇವುಲ್ಫ್’ ಮಹಾಕಾವ್ಯವನ್ನು ಅನುವಾದಿಸುವಾಗ ಮೂಲದ ಮೊದಲ ಉದ್ಗಾರಪದಕ್ಕೆ ಇದೇ ‘ಸೋ’ವನ್ನು ಆರಿಸಿಕೊಂಡರು. ತಮ್ಮ ಬಂಧುಗಳಾದ ಗ್ರಾಮೀಣ ಹಿರಿಯರ ಬಾಯಲ್ಲಿ ಆ ಪದ ಹಿಂದಿನ ಮಾತನ್ನೆಲ್ಲ ಬದಿಗೆ ಸರಿಸಿ ಕೇಳುಗರ ಗಮನ ಬೇಡುತ್ತಿದ್ದುದನ್ನು ಅವರು ಸಮರ್ಥನೆಯಾಗಿ ನೀಡಿದ್ದಾರೆ. ಕನ್ನಡದ ಕಥೆಗಾರ್ತಿಯರು ‘ಹಿಂಗೇ... ಒಂದೂರಾಗ’ ಎಂದು ಎಳೆಯುವಾಗಿನ ‘ಹಿಂಗೇ’ ಕೂಡ ಯಾವ ತೀರ್ಮಾನವನ್ನೂ ಹೇಳುವುದಿಲ್ಲ.

ಕನ್ನಡ ಕ್ಷೇತ್ರಕಾರ್ಯದ ಧ್ವನಿಮುದ್ರಣಗಳನ್ನು ಲಿಪಿಗಿಳಿಸುವವರಿಗೆ ಇದು ಪ್ರಾಯೋಗಿಕ ಸಮಸ್ಯೆಯೂ ಹೌದು. ಶಾಲೆ ಕಲಿತ ಕಿರಿಯ ನಿರೂಪಕರ ಕನ್ನಡದಲ್ಲಿ ಇಂಗ್ಲಿಷಿನ ‘ಸೋ’ ಧಾರಾಳವಾಗಿ ಸೇರಿಕೊಂಡಿದೆ. ಅದನ್ನು ಕಲಬೆರಕೆಯೆಂದು ಕಿತ್ತುಹಾಕುವುದು ಅಥವಾ ಸಾರಾಸಗಟಾಗಿ ‘ಆದ್ದರಿಂದ’ ಎಂದು ತಿದ್ದುವುದು ಎರಡೂ ಪಾಠವನ್ನು ಕೆಡಿಸುತ್ತವೆ. ಅದು ಕೆಲವೆಡೆ ‘ಅದಕ್ಕೇ’, ಕೆಲವೆಡೆ ‘ಅಂದಮೇಲೆ’, ಕೆಲವೆಡೆ ಹಳೆಯ ಕಥೆಗಾರರ ‘ಆಮ್ಯಾಕೆ’, ಇನ್ನು ಕೆಲವೆಡೆ ಉಸಿರೆಳೆದುಕೊಳ್ಳುವ ಬಿಡುವು. ಪದವನ್ನು ಇದ್ದಂತೆಯೇ ಉಳಿಸಿ, ಅಲ್ಲಿಯ ಧ್ವನಿಯ ಏರಿಳಿತವನ್ನೂ ಮೌನದ ಅಳತೆಯನ್ನೂ ಪಕ್ಕದಲ್ಲಿ ಗುರುತಿಸಿದರೆ, ನಿರೂಪಕ ಕಾರಣ ಕೊಟ್ಟನೋ ಊಹಿಸಿದನೋ ಕಥೆಯನ್ನು ಮುಂದಕ್ಕೆ ತಳ್ಳಿದನೋ ಎಂಬುದನ್ನು ಅನಂತರದ ಓದುಗರು ತಾವೇ ನಿರ್ಣಯಿಸಬಹುದು.